ಒಂದೇ ಹಾಳೆ, ಎಂಟು ಮುಖ

ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂ ಸಂಗ್ರಹದಲ್ಲಿ 1858ರ ಒಂದು ಫೋಟೊ ಹಾಳೆಯಿದೆ. ತೆಗೆದದ್ದು ಪ್ಯಾರಿಸ್ಸಿನ ಸ್ಟುಡಿಯೊದವನೊಬ್ಬ; ಅದರಲ್ಲಿರುವವನು ಲೊಬ್‌ಕೊವಿಟ್ಸ್ ಮನೆತನದ ರಾಜಕುಮಾರ. ಮೇಲೆ ನಾಲ್ಕು, ಕೆಳಗೆ ನಾಲ್ಕು ಚೌಕಟ್ಟು, ಎಂಟರಲ್ಲೂ ಅವನೊಬ್ಬನೇ. ಇಂದು ಅದು ಕಲಾಕೃತಿ. ತೆಗೆದವನ ಲೆಕ್ಕದಲ್ಲಿ ಮಾತ್ರ ಅದು ಅರ್ಧಕ್ಕೆ ನಿಂತ ಕೆಲಸ, ಕತ್ತರಿಗೆ ಹೋಗಬೇಕಾಗಿದ್ದ ಸರಕು.

ತೆಗೆದವನ ಹೆಸರು ಆಂದ್ರೆ ಅಡಾಲ್ಫ್ ಯೂಜೀನ್ ದಿಸ್ದೆರಿ. 1854ರ ನವೆಂಬರಿನಲ್ಲಿ ಅವನು ಪಡೆದ ಪೇಟೆಂಟಿನ ತಿರುಳು ಕಲೆಯಲ್ಲ, ಉಳಿತಾಯ. ಆ ಕಾಲದಲ್ಲಿ ಗಾಜಿನ ಪ್ಲೇಟಿಗೆ ರಾಸಾಯನಿಕ ಬಳಿದು, ಅದು ಒಣಗುವ ಮೊದಲೇ ಚಿತ್ರ ತೆಗೆದು, ತೊಳೆದು, ಆಮೇಲೆ ಕಾಗದಕ್ಕೆ ಇಳಿಸಬೇಕಿತ್ತು. ಇಷ್ಟೆಲ್ಲ ಪಾಡುಪಟ್ಟರೆ ಸಿಗುತ್ತಿದ್ದದ್ದು ಒಂದೇ ಒಂದು ದೊಡ್ಡ ಚಿತ್ರ. ದಿಸ್ದೆರಿ ಆ ಪ್ಲೇಟನ್ನೇ ಪಾಲು ಹಾಕಿದ. ನಾಲ್ಕು ಮಸೂರಗಳ ಕ್ಯಾಮೆರಾ, ಒಳಗೆ ತೆಳು ಅಡ್ಡಗೋಡೆಗಳು, ಪಕ್ಕಕ್ಕೆ ಜರುಗುವ ಪ್ಲೇಟು. ಅರ್ಧ ಪ್ಲೇಟಿನಲ್ಲಿ ನಾಲ್ಕು ಚಿತ್ರ ಬಿದ್ದಮೇಲೆ ಜರುಗಿಸಿದರೆ ಇನ್ನರ್ಧದಲ್ಲಿ ಮತ್ತೆ ನಾಲ್ಕು. ಪೇಟೆಂಟಿನಲ್ಲಿ ಹತ್ತು ಚಿತ್ರಗಳ ಮಾತಿದ್ದರೂ ರೂಢಿಯಲ್ಲಿ ನಿಂತದ್ದು ಎಂಟು. ಬಳಿಯುವುದು ಒಂದು ಸಲ, ತೊಳೆಯುವುದು ಒಂದು ಸಲ, ಮಾರುವುದು ಎಂಟು ಸಲ. ಒಂದು ದೊಡ್ಡ ಚಿತ್ರಕ್ಕೆ ಐವತ್ತು, ನೂರು ಫ್ರಾಂಕ್ ಕೇಳುತ್ತಿದ್ದ ಊರಿನಲ್ಲಿ ಅವನು ಒಂದು ಡಜನ್ ಚಿತ್ರಕ್ಕೆ ಇಪ್ಪತ್ತು ಫ್ರಾಂಕ್ ಹೇಳಿದ.

ಹೀಗೆ ಹುಟ್ಟಿದ್ದು ಕಾರ್ಟ್ ದ ವಿಸಿಟ್ ಎಂಬ ಪುಟ್ಟ ಫೋಟೊ. ಚಿತ್ರ ಸುಮಾರು 54 ಮಿಲಿಮೀಟರ್ ಅಗಲ, 89 ಮಿಲಿಮೀಟರ್ ಎತ್ತರ. ಅದನ್ನು ಅಂಟಿಸುವ ದಪ್ಪ ಕಾರ್ಡು 64ಕ್ಕೆ 100. ಎಡಬಲಕ್ಕೆ ಐದೈದು ಮಿಲಿಮೀಟರ್ ಉಳಿಯುತ್ತದೆ. ಚಿತ್ರವನ್ನು ಚೂರು ಮೇಲಕ್ಕೆ ಅಂಟಿಸಿದರೆ ಕೆಳಗೆ ಸ್ಟುಡಿಯೊದ ಹೆಸರಿಗೂ ಜಾಗ. ಫೋಟೊದ ಅಂಚು ಜಾಹೀರಾತಿನ ಹಲಗೆಯೂ ಆಗಬಹುದೆಂಬುದು ಅಂದೇ ಗೊತ್ತಾಗಿತ್ತು. 1860ರಲ್ಲಿ ಲಂಡನ್ನಿನ ಮೆಯಾಲ್ ಎಂಬ ಛಾಯಾಗ್ರಾಹಕ ವಿಕ್ಟೋರಿಯಾ ರಾಣಿಯ ಕುಟುಂಬದ ಚಿತ್ರಗಳನ್ನು ಇದೇ ಅಳತೆಯಲ್ಲಿ ಮಾರಾಟಕ್ಕೆ ಬಿಟ್ಟ. ರಾಣಿಯೂ ಅಷ್ಟೇ ಅಳತೆ, ಅಂಗಡಿಯವನೂ ಅಷ್ಟೇ ಅಳತೆ. ಎಲ್ಲರೂ ಒಂದೇ ಆಲ್ಬಮ್ಮಿನ ಕಿಂಡಿಗಳಲ್ಲಿ ಕೂರುವಂತಾಯಿತು. ಕಾರ್ಡಿನ ಅಳತೆ ಪಕ್ಕಾ ಇದ್ದುದರಿಂದಲೇ ಆಲ್ಬಮ್ ಮಾಡುವವರಿಗೂ ಹೊಸ ಕಸುಬು ಸಿಕ್ಕಿತು.

ಆ ಕಾರ್ಡುಗಳನ್ನು ಇಂದು ನೋಡುವವರಿಗೆ ಮೊದಲು ಕಾಣುವುದು ಮುಖವಲ್ಲ. ಕಂಬ, ಪರದೆ, ಕುರ್ಚಿಯ ಬೆನ್ನು, ಬೂಟು. ದಿಸ್ದೆರಿಗೆ ಇಡೀ ಆಳು ಬೇಕಿತ್ತು, ಉಡುಪು ಬೇಕಿತ್ತು, ಅಂತಸ್ತು ಕಾಣಬೇಕಿತ್ತು. ಒಂಬತ್ತು ಸೆಂಟಿಮೀಟರ್ ಎತ್ತರದಲ್ಲಿ ಇಡೀ ಆಳನ್ನು ನಿಲ್ಲಿಸಿದರೆ ತಲೆಗೆ ಸಿಗುವುದು ಹೆಚ್ಚೆಂದರೆ ಒಂದು ಸೆಂಟಿಮೀಟರ್. ಚೌಕಟ್ಟಿನಲ್ಲಿ ಮುಖಕ್ಕೆ ಎಷ್ಟು ಪಾಲು ಕೊಡಬೇಕು ಎಂಬ ತಕರಾರು ಇಲ್ಲಿಂದಲೇ ಶುರು. ಮುಂದಿನ ನೂರೆಪ್ಪತ್ತು ವರ್ಷ ಈ ಪಾಲು ಏರುತ್ತಲೇ ಹೋಗಿದೆ, ಮತ್ತು ಅದನ್ನು ಏರಿಸಿದವರಲ್ಲಿ ಕಲಾವಿದರಿಗಿಂತ ಪೊಲೀಸರು, ಮೆಕ್ಯಾನಿಕ್ಕುಗಳು, ಸರ್ಕಾರಿ ಗುಮಾಸ್ತರೇ ಹೆಚ್ಚು.

ಪೊಲೀಸರ ಸರದಿ 1880ರ ದಶಕದಲ್ಲಿ ಬಂತು. ಪ್ಯಾರಿಸ್ ಪೊಲೀಸ್ ಇಲಾಖೆಯ ಅಲ್ಫೋನ್ಸ್ ಬರ್ಟಿಯೋನ್ ಸೆರೆಸಿಕ್ಕವರ ಫೋಟೊಗಳಿಗೆ ನಿಯಮ ಕಟ್ಟಿದ: ಒಂದು ಎದುರಿನಿಂದ, ಒಂದು ಪಕ್ಕದಿಂದ, ಎರಡೂ ಒಂದೇ ಕಾರ್ಡಿನಲ್ಲಿ ಜೊತೆಜೊತೆಗೆ, ನಿಜವಾದ ಅಳತೆಯ ಏಳನೇ ಒಂದು ಭಾಗಕ್ಕೆ ಇಳಿಸಿ. ಕ್ಯಾಮೆರಾಕ್ಕೂ ಕುರ್ಚಿಗೂ ನಡುವಿನ ದೂರ ನಿಗದಿ. ಕಂಬ, ಪರದೆಗಳಿಗೆ ಇಲ್ಲಿ ಕೆಲಸವಿಲ್ಲ. ಕುಳಿತವನು ಕದಲುವಂತಿಲ್ಲ, ಚೌಕಟ್ಟಂತೂ ಕದಲುವ ಪ್ರಶ್ನೆಯೇ ಇಲ್ಲ. ಫೋಟೊ ಬೂತಿನ ಸ್ಟೂಲಿಗೆ ವಂಶವೃಕ್ಷ ಬರೆಯುವುದಾದರೆ ಅದರ ಬೇರು ಈ ಕುರ್ಚಿಯಲ್ಲಿದೆ ಎಂದರೆ ತೀರಾ ತಪ್ಪಾಗಲಾರದು.

ನಾಣ್ಯ ಹಾಕಿದರೆ ತಾನೇ ಫೋಟೊ ಕೊಡುವ ಯಂತ್ರಗಳ ಕನಸೂ ಅದೇ ಕಾಲದ್ದು. 1889ರ ಪ್ಯಾರಿಸ್ ಮಹಾಪ್ರದರ್ಶನದಲ್ಲಿ ಎಂಜಲ್ಬೇರ್ ಎಂಬವನ ಯಂತ್ರವಿತ್ತು. ಮರುವರ್ಷ ಹ್ಯಾಂಬರ್ಗಿನ ಕಾನ್ರಾಡ್ ಬೆರ್ನಿಟ್ ‘ಬಾಸ್ಕೊ’ ತಂದ. ಇವೆಲ್ಲ ತಗಡಿನ ಮೇಲೆ ಚಿತ್ರ ಮೂಡಿಸುವ ಯಂತ್ರಗಳು. ಒಂದು ನಾಣ್ಯಕ್ಕೆ ಒಂದು ತಗಡು. ಜಾತ್ರೆಯ ಮೋಜಾಗಿ ನಡೆದವೇ ಹೊರತು ಮನೆಮಾತಾಗಲಿಲ್ಲ.

ಮನೆಮಾತು ಮಾಡಿದವನು ಅನಟೋಲ್ ಜೊಸೆಫೊ. ಸೈಬೀರಿಯಾದ ಓಮ್‌ಸ್ಕ್‌ನಲ್ಲಿ 1894ರಲ್ಲಿ ಹುಟ್ಟಿ, ಬರ್ಲಿನ್ನಿನಲ್ಲಿ ಕ್ಯಾಮೆರಾ ಕೆಲಸ ಕಲಿತು, ಶಾಂಘೈಯಲ್ಲಿ ಸ್ಟುಡಿಯೊ ನಡೆಸಿ, 1920ರ ದಶಕದಲ್ಲಿ ಅಮೆರಿಕ ಸೇರಿದವನು. 1925ರ ಸೆಪ್ಟೆಂಬರಿನಲ್ಲಿ ನ್ಯೂಯಾರ್ಕಿನ ಬ್ರಾಡ್‌ವೇಯಲ್ಲಿ ‘ಫೋಟೊಮೇಟನ್’ ತೆರೆದ. 25 ಸೆಂಟು ಹಾಕಿದರೆ ಸುಮಾರು ಎಂಟು ನಿಮಿಷದಲ್ಲಿ ಎಂಟು ಚಿತ್ರಗಳ ಪಟ್ಟಿ ಕೈಗೆ. ಮೊದಲ ಆರು ತಿಂಗಳಲ್ಲಿ ಸುಮಾರು 2.8 ಲಕ್ಷ ಜನ ಬಂದರಂತೆ. ಬಿಳಿ ಕೈಗವಸು ತೊಟ್ಟ ಆಳೊಬ್ಬ ಹೊರಗೆ ನಿಂತು, ಬಲಕ್ಕೆ ನೋಡಿ, ಎಡಕ್ಕೆ ನೋಡಿ, ಈಗ ನೇರ ನೋಡಿ ಎಂದು ಹೇಳಿಕೊಡುತ್ತಿದ್ದ. 1927ರಲ್ಲಿ ಹೆನ್ರಿ ಮಾರ್ಗೆಂಥೊ ಮುಂದಾಳಾಗಿದ್ದ ಉದ್ಯಮಿಗಳ ಗುಂಪು ಅಮೆರಿಕದ ಹಕ್ಕುಗಳಿಗೆ ಅವನಿಗೆ ಹತ್ತು ಲಕ್ಷ ಡಾಲರ್ ಕೊಟ್ಟಿತು.

ಇಲ್ಲಿಗೆ ಬೇಕಾದದ್ದು ಪೆಟ್ಟಿಗೆಯ ಒಳಗಿನ ಕಥೆ. ದಿಸ್ದೆರಿಯ ಕ್ಯಾಮೆರಾದಲ್ಲಿ ಚಿತ್ರಗಳ ನಡುವಿನ ಅಂತರವನ್ನು ಮರದ ಅಡ್ಡಗೋಡೆ ಕಾಯುತ್ತಿತ್ತು. ಬೂತಿನಲ್ಲಿ ಆ ಕೆಲಸ ಹಲ್ಲಿನ ಚಕ್ರಕ್ಕೆ ಬಂತು. ನೆಗೆಟಿವ್ ಎಂಬುದೇ ಇಲ್ಲದ, ನೇರ ಚಿತ್ರ ಮೂಡುವ ಕಾಗದದ ಸುರುಳಿ ಮಸೂರದ ಹಿಂದೆ ಇಳಿಯುತ್ತದೆ. ಬೆಳಕು ಮಿಂಚಿದಾಗ ಒಂದು ಚಿತ್ರ. ಮೋಟಾರು ಕಾಗದವನ್ನು ಒಂದು ಚೌಕಟ್ಟಿನಷ್ಟು, ಮೇಲೆ ಒಂದಿಷ್ಟು ಎಳೆಯುತ್ತದೆ. ಮತ್ತೆ ಬೆಳಕು. ಆ ‘ಮೇಲೆ ಒಂದಿಷ್ಟು’ ಎಂಬುದೇ ಎರಡು ಚಿತ್ರಗಳ ನಡುವಿನ ಗೆರೆ. ಹಲ್ಲು ಸವೆದು ಕಾಗದ ಕಡಿಮೆ ಜರುಗಿದರೆ ಮೊದಲ ಚಿತ್ರದ ಗಲ್ಲದ ಮೇಲೆ ಎರಡನೆಯದರ ಕೂದಲು ಕೂರುತ್ತದೆ. ಹೆಚ್ಚು ಜರುಗಿದರೆ ಕೊನೆಯ ಚಿತ್ರದ ಅರ್ಧ ಕತ್ತರಿಯ ಆಚೆ. ಆಮೇಲೆ ಪಟ್ಟಿ ತುಂಡಾಗಿ, ತಿರುಗುವ ಕೈಯೊಂದಕ್ಕೆ ಸಿಕ್ಕಿ, ರಾಸಾಯನಿಕದ ತೊಟ್ಟಿಗಳಲ್ಲಿ ಒಂದಾದಮೇಲೊಂದರಂತೆ ಮುಳುಗೇಳುತ್ತದೆ. ಹೊರಗೆ ಬೀಳುವಾಗ ಇನ್ನೂ ಒದ್ದೆ.

ಕ್ರಾಪ್ ಮಾಡುವ ಕೆಲಸ? ಅದು ಯಂತ್ರದ್ದಲ್ಲ, ಗಿರಾಕಿಯದು. ಮಸೂರ ಗೋಡೆಗೆ ಜಡಿದದ್ದು, ದೂರ ಬದಲಾಗದು. ತಿರುಗಿಸಿದರೆ ಏರಿಳಿಯುವ ಸ್ಟೂಲು ಮಾತ್ರ ಇತ್ತು. ಕಣ್ಣು ಗೆರೆಗೆ ಬರುವವರೆಗೆ ಜನ ಸ್ಟೂಲನ್ನು ತಿರುಗಿಸಿ ತಮ್ಮನ್ನು ತಾವೇ ಚೌಕಟ್ಟಿಗೆ ಹೊಂದಿಸಿಕೊಳ್ಳಬೇಕು. ಇಬ್ಬರು ನುಗ್ಗಿದರೆ ಕೆನ್ನೆಗೆ ಕೆನ್ನೆ ಒತ್ತಬೇಕು. ಫೋಟೊ ಬೂತಿನ ಪಟ್ಟಿಗಳಲ್ಲಿ ಎಲ್ಲ ಕಾಲದ ಪ್ರೇಮಿಗಳೂ ಅಷ್ಟೊಂದು ಹತ್ತಿರ ಕಾಣುವುದಕ್ಕೆ ಪ್ರೇಮವೊಂದೇ ಕಾರಣವಲ್ಲ. ಚೌಕಟ್ಟಿನ ಅಗಲವೂ ಕಾರಣ.

ಪಟ್ಟಿಯಲ್ಲಿ ಎಂಟು ಇದ್ದದ್ದು ಮುಂದೆ ನಾಲ್ಕಕ್ಕೆ ಇಳಿಯಿತು. ಸುಮಾರು ನಾಲ್ಕು ಸೆಂಟಿಮೀಟರ್ ಅಗಲ, ಇಪ್ಪತ್ತು ಸೆಂಟಿಮೀಟರ್ ಉದ್ದದ, ನಾಲ್ಕು ಮುಖಗಳ ಆ ಪಟ್ಟಿಯೇ ಇಪ್ಪತ್ತನೆಯ ಶತಮಾನದ ಉತ್ತರಾರ್ಧದ ಫೋಟೊ ಬೂತು ಎಂದರೆ ಕಣ್ಣಿಗೆ ಕಟ್ಟುವ ರೂಪ.

ಕಲಾವಿದರು ಈ ಅಂತರವನ್ನೇ ಆಟದ ಬಯಲು ಮಾಡಿಕೊಂಡರು. 1929ರ ಡಿಸೆಂಬರಿನಲ್ಲಿ ಸರ್ರಿಯಲಿಸ್ಟರ ಪತ್ರಿಕೆ ‘ಲಾ ರೆವಲ್ಯೂಸಿಯೋಂ ಸುರ್ರಿಯಲಿಸ್ತ್’ನ ಕೊನೆಯ ಸಂಚಿಕೆಯಲ್ಲಿ ರೆನೆ ಮ್ಯಾಗ್ರಿಟ್‌ನ ನಗ್ನ ಸ್ತ್ರೀಯ ಚಿತ್ರವೊಂದು ಬಂತು. ಅದರ ಸುತ್ತ ಚೌಕಟ್ಟಿನಂತೆ ಹದಿನಾರು ಬೂತ್ ಫೋಟೊಗಳು, ಬ್ರೆತೋನ್, ದಾಲಿ ಮೊದಲಾದವರದ್ದು, ಎಲ್ಲರೂ ಕಣ್ಣು ಮುಚ್ಚಿಕೊಂಡು. ಪಟ್ಟಿಯಿಂದ ಬಿಡಿಸಿ, ಸಮ ಅಂತರದಲ್ಲಿ ಜೋಡಿಸಿದಾಗ ಪಾಸ್‌ಪೋರ್ಟ್ ಕಚೇರಿಯ ಶಿಸ್ತೇ ಒಂದು ತುಂಟತನವಾಯಿತು. 1963ರಲ್ಲಿ ಆಂಡಿ ವಾರ್ಹೋಲ್ ಕಲಾಸಂಗ್ರಾಹಕಿ ಎಥೆಲ್ ಸ್ಕಲ್ ಅವರನ್ನು ನ್ಯೂಯಾರ್ಕಿನ ಬೂತಿಗೆ ಕರೆದೊಯ್ದು, ನಾಣ್ಯ ಸುರಿದು ರಾಶಿ ಪಟ್ಟಿ ತೆಗೆಸಿದ. ಆಕೆಗೆ ದೊಡ್ಡ ಸ್ಟುಡಿಯೊದ ನಿರೀಕ್ಷೆಯಿತ್ತಂತೆ. ಆ ಪಟ್ಟಿಗಳಿಂದ ಆರಿಸಿ ದೊಡ್ಡದು ಮಾಡಿದ 36 ಫಲಕಗಳು, ನಾಲ್ಕು ಸಾಲು, ಸಾಲಿಗೆ ಒಂಬತ್ತು. ಆಗಿನವರೆಗೆ ಭಾವಚಿತ್ರ ಎಂದರೆ ಒಂದು ಅತ್ಯುತ್ತಮ ಕ್ಷಣದ ಆಯ್ಕೆ; ವಾರ್ಹೋಲ್ ಆಯ್ಕೆಯ ಹೊಣೆಯನ್ನೇ ನೋಡುವವರ ಮೇಲೆ ಹಾಕಿದ.

ಕಲಾವಿದರ ಹೆಸರು ಉಳಿಯಿತು. ಯಂತ್ರದ ಹೊಟ್ಟೆಗೆ ಕೈ ಹಾಕಿದವರ ಹೆಸರು ಉಳಿದದ್ದು ಅಪರೂಪ. ಮೆಲ್ಬರ್ನಿನ ಆಲನ್ ಆಡ್ಲರ್ ಆ ಅಪರೂಪದವರಲ್ಲಿ ಒಬ್ಬರು. ಸುಮಾರು ಐವತ್ತು ವರ್ಷ ಅವರು ಅಲ್ಲಿನ ಬೂತುಗಳನ್ನು ತೊಳೆದು, ರಾಸಾಯನಿಕ ತುಂಬಿ, ರಿಪೇರಿ ಮಾಡಿ ನಡೆಸಿದರು. ಪ್ರತಿ ರಿಪೇರಿಯ ನಂತರ ತಾವೇ ಸ್ಟೂಲಿನ ಮೇಲೆ ಕೂತು ಒಂದು ಪರೀಕ್ಷೆಯ ಪಟ್ಟಿ. ಬೆಳಕು ಸರಿಯೇ, ಗೆರೆ ಸರಿಯೇ, ಚಿತ್ರ ಅಂಚಿಗೆ ಬಡಿಯುತ್ತಿದೆಯೇ ಎಂದು ನೋಡುವುದಕ್ಕೆ. 2018ರಲ್ಲಿ ಫ್ಲಿಂಡರ್ಸ್ ಸ್ಟ್ರೀಟ್ ರೈಲು ನಿಲ್ದಾಣದಿಂದ ಅವರ ಬೂತನ್ನು ಎತ್ತಿಸಲು ಹೊರಟಾಗ ಊರಿನ ಜನವೇ ದನಿಯೆತ್ತಿದರು. ಬೂತಿಗೆ ಅದೇ ನಿಲ್ದಾಣದಲ್ಲಿ ಬೇರೆ ಜಾಗ ಸಿಕ್ಕಿತು. ಆಡ್ಲರ್ 2024ರ ಡಿಸೆಂಬರಿನಲ್ಲಿ ತೀರಿಕೊಂಡರು. ಮರುವರ್ಷ ಆ ಪರೀಕ್ಷೆಯ ಪಟ್ಟಿಗಳು ‘ಆಟೊ-ಫೋಟೊ: ಎ ಲೈಫ್ ಇನ್ ಪೋರ್ಟ್ರೇಟ್ಸ್’ ಎಂಬ ಪ್ರದರ್ಶನವಾದವು: ಒಬ್ಬನೇ ಮನುಷ್ಯ, ತರುಣನಿಂದ ಮುದುಕನವರೆಗೆ. ಫ್ರೆಂಚ್ ಚಲನಚಿತ್ರ ‘ಅಮೆಲಿ’ (2001) ನೋಡಿದವರಿಗೆ ಹೋಲಿಕೆ ಹೊಳೆದಿರುತ್ತದೆ. ಅದರಲ್ಲಿ ಎಲ್ಲ ನಿಲ್ದಾಣಗಳ ಬೂತಿನ ಬಳಿಯೂ ಹರಿದು ಬಿಸಾಡಿದ ಒಬ್ಬನೇ ಅಪರಿಚಿತನ ಫೋಟೊ ಸಿಗುತ್ತದೆ. ಕೊನೆಗೆ ಅವನು ರಿಪೇರಿಯವನೆಂದು ತಿಳಿಯುತ್ತದೆ. ಬೂತುಗಳ ಬಳಿ ಬಿದ್ದ ಚೂರುಗಳನ್ನು ನಿಜಕ್ಕೂ ಕೂಡಿಡುತ್ತಿದ್ದ ಲೇಖಕ ಮಿಶೆಲ್ ಫೋಲ್ಕೊ ಅವರ ಹವ್ಯಾಸವೇ ಆ ಕಥೆಗೆ ಮೂಲ.

ಇನ್ನು ಗುಮಾಸ್ತರ ಸರದಿ. ಮೊದಲ ಮಹಾಯುದ್ಧ ಶುರುವಾದಾಗ ಗೂಢಚಾರರ ಭಯದಿಂದ ಪಾಸ್‌ಪೋರ್ಟಿಗೆ ಫೋಟೊ ಬಂತು. ಅಮೆರಿಕ ಅದನ್ನು ಕಡ್ಡಾಯ ಮಾಡಿದ್ದು 1914ರ ಡಿಸೆಂಬರಿನಲ್ಲಿ. ಆರಂಭದ ವರ್ಷಗಳ ಪಾಸ್‌ಪೋರ್ಟುಗಳಲ್ಲಿ ಹ್ಯಾಟು ಹಾಕಿದವರಿದ್ದಾರೆ, ಹೆಂಡತಿ ಮಕ್ಕಳೊಡನೆ ಒಂದೇ ಫೋಟೊದಲ್ಲಿ ಕೂತವರೂ ಇದ್ದಾರೆ. ಮನೆಯ ಆಲ್ಬಮ್ಮಿನಿಂದ ಕಿತ್ತು ಕೊಟ್ಟರೂ ನಡೆಯುತ್ತಿತ್ತು. ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆ 1980ರಲ್ಲಿ ‘9303’ ಎಂಬ ಸಂಖ್ಯೆಯ ಕೈಪಿಡಿ ತಂದು, ಯಂತ್ರ ಓದಬಲ್ಲ ಪಾಸ್‌ಪೋರ್ಟಿಗೆ ದಾರಿ ಮಾಡಿತು. 2003ರಲ್ಲಿ ಮುಖವನ್ನೇ ಗುರುತಿನ ಮುಖ್ಯ ಅಳತೆಯೆಂದು ಒಪ್ಪಿದ ಮೇಲೆ ಸಡಿಲಿಕೆಗೆ ಜಾಗವಿಲ್ಲದಾಯಿತು. 35ಕ್ಕೆ 45 ಮಿಲಿಮೀಟರಿನ ಫೋಟೊದಲ್ಲಿ ಗಲ್ಲದಿಂದ ನೆತ್ತಿಯವರೆಗೆ ಎತ್ತರದ ಶೇ 70ರಿಂದ 80. ಅಂದರೆ ಹೆಚ್ಚುಕಡಿಮೆ 32ರಿಂದ 36 ಮಿಲಿಮೀಟರ್. ದಿಸ್ದೆರಿಯ ಕಾರ್ಡಿನಲ್ಲಿ ಒಂದು ಸೆಂಟಿಮೀಟರ್ ದಾಟದ ತಲೆ, ಅದರ ಅರ್ಧದಷ್ಟು ಎತ್ತರದ ಫೋಟೊದಲ್ಲಿ ಮೂರೂವರೆ ಸೆಂಟಿಮೀಟರಿಗೆ ಬೆಳೆಯಿತು. ಕಂಬ, ಪರದೆ, ಬೂಟು, ಕೈ, ನಗು ಎಲ್ಲವೂ ಹೊರಗೆ.

ಕರ್ನಾಟಕದ ಊರೂರುಗಳ ಸ್ಟುಡಿಯೊಗಳಿಗೆ ಈ ಅಳತೆಗಳ ಪರಿಚಯ ವಿಮಾನದ ಪಾಸ್‌ಪೋರ್ಟಿನಿಂದ ಬಂದದ್ದಕ್ಕಿಂತ ಹಾಲ್ ಟಿಕೆಟ್ಟು, ಬ್ಯಾಂಕ್ ಪಾಸ್‌ಬುಕ್ಕು, ರೇಷನ್ ಕಾರ್ಡುಗಳಿಂದ ಬಂದದ್ದು. ವಿಮಾನವನ್ನೇ ಕಾಣದವರ ಕಪಾಟಿನಲ್ಲೂ ‘ಪಾಸ್‌ಪೋರ್ಟ್ ಸೈಜ್’ ಇರುತ್ತದೆ, ಜೊತೆಗೆ ‘ಸ್ಟ್ಯಾಂಪ್ ಸೈಜ್’ ಕೂಡ. ಒಂದು ಕಾಲದಲ್ಲಿ ‘ಅರ್ಧ ಗಂಟೆಯಲ್ಲಿ ಫೋಟೊ’ ಎಂಬ ಬೋರ್ಡಿನ ಹಿಂದೆ ಪೋಲರಾಯ್ಡಿನ ನಾಲ್ಕು ಮಸೂರದ ಕ್ಯಾಮೆರಾ ಇರುತ್ತಿದ್ದದ್ದುಂಟು: ಒಂದೇ ಒತ್ತಿಗೆ ನಾಲ್ಕು ಒಂದೇ ಮುಖ. ದಿಸ್ದೆರಿಯ ಪೆಟ್ಟಿಗೆಯೇ ನೂರು ವರ್ಷ ದಾಟಿ ಮತ್ತೆ ಬಂದಂತೆ.

ಕಂಪ್ಯೂಟರ್ ಬಂದಮೇಲೆ ಸ್ಟುಡಿಯೊ ಹುಡುಗರು ಕಂಡುಕೊಂಡ ಲೆಕ್ಕ ಇನ್ನೂ ಸೊಗಸು. ನಾಲ್ಕು ಇಂಚಿಗೆ ಆರು ಇಂಚಿನ ಹಾಳೆ ಎಂದರೆ 101.6ಕ್ಕೆ 152.4 ಮಿಲಿಮೀಟರ್. ಅಡ್ಡಲಾಗಿಟ್ಟರೆ 35 ಮಿಲಿಮೀಟರಿನ ನಾಲ್ಕು ಫೋಟೊಗೆ 140, ಮಿಕ್ಕದ್ದು 12.4. ನಿಲುವಿನಲ್ಲಿ 45ರ ಎರಡು ಫೋಟೊಗೆ 90, ಮಿಕ್ಕದ್ದು 11.6. ನಾಲ್ಕೆರಡ್ಲ ಎಂಟು. ದಿಸ್ದೆರಿಗೆ ಎಂಟು, ಜೊಸೆಫೊಗೆ ಎಂಟು, ಗಾಂಧಿಬಜಾರಿನಲ್ಲೂ ಎಂಟು! ಮೂವರಿಗೂ ಕಾರಣ ಬೇರೆ ಬೇರೆ. ಕಾಗದ ವ್ಯರ್ಥವಾಗಬಾರದೆಂಬ ಹಟ ಮಾತ್ರ ಒಂದೇ.

ಈ ಎಂಟನ್ನು ಕೂರಿಸುವ ಚಾಲ್ತಿ ವಿಧಾನ ಫೋಟೊಶಾಪಿನದು. ಮುಖವನ್ನು ಮೂರೂವರೆಗೆ ನಾಲ್ಕೂವರೆ ಸೆಂಟಿಮೀಟರಿಗೆ ಕ್ರಾಪ್ ಮಾಡಿ, ಕತ್ತರಿಗೆ ದಾರಿ ತೋರಲು ಕೂದಲೆಳೆಯಂಥ ಗೆರೆ ಎಳೆದು, ಸುತ್ತ ಬಿಳಿ ಅಂಚು ಕೊಟ್ಟು, ಅದನ್ನು ‘ಪ್ಯಾಟರ್ನ್’ ಎಂದು ಉಳಿಸಿ, ಖಾಲಿ ಹಾಳೆಗೆ ‘ಫಿಲ್’ ಕೊಟ್ಟರೆ ಸರಸರ ತುಂಬಿಕೊಳ್ಳುತ್ತದೆ. ಕೆಲಸ ಮಿಂಚಿನ ವೇಗದ್ದು, ತೊಡಕು ಅಂಚಿನದು. ತುಂಬುವಿಕೆ ಎಡ ಮೇಲಿನ ಮೂಲೆಯಿಂದ ಶುರುವಾಗುವುದರಿಂದ ಮಿಕ್ಕ ಜಾಗವೆಲ್ಲ ಬಲಕ್ಕೂ ಕೆಳಕ್ಕೂ ಸೇರಿಬಿಡುತ್ತದೆ. ಸುತ್ತಲೂ ಒಂದೊಂದು ಮಿಲಿಮೀಟರ್ ಬಿಳಿ ಅಂಚು ಕೊಟ್ಟಿದ್ದರೆ ಕೆಳಗೆ ಏಳೂವರೆ ಮಿಲಿಮೀಟರ್ ಉಳಿದು, ಅಲ್ಲಿ ಮೂರನೆಯ ಸಾಲೊಂದು ಮೊಳೆಯುತ್ತದೆ: ನೆತ್ತಿಯ ಕೂದಲಷ್ಟೇ, ಮುಖವಿಲ್ಲ. ಎಡಗಡೆಯಲ್ಲಿ ಬಿಳಿ ಅಂಚು ಬರೀ ಒಂದು ಮಿಲಿಮೀಟರ್ ಇರುವುದರಿಂದ, ಅಂಚಿಲ್ಲದೆ ಮುದ್ರಿಸುವ ಪ್ರಿಂಟರು ಅದನ್ನು ನುಂಗಿ ಭುಜಕ್ಕೂ ಬಾಯಿ ಹಾಕುತ್ತದೆ. ಅನುಭವಿಗಳು ಪ್ಯಾಟರ್ನಿನ ಗೊಡವೆ ಬಿಟ್ಟು ಮಿಕ್ಕ ಜಾಗವನ್ನು ಭಾಗಿಸುತ್ತಾರೆ: ಅಡ್ಡಕ್ಕೆ ಐದು ಸಂದು, ತಲಾ ಎರಡೂವರೆ ಮಿಲಿಮೀಟರ್, ನಿಲುವಿಗೆ ಮೂರು ಸಂದು, ತಲಾ ನಾಲ್ಕಕ್ಕೆ ತುಸು ಕಡಿಮೆ. ಆಗ ಕತ್ತರಿ ಎಲ್ಲಿ ತುಸು ಜಾರಿದರೂ ಕಿವಿ ಉಳಿಯುತ್ತದೆ.

ಜಪಾನಿನಲ್ಲಿ ಕತ್ತರಿಯನ್ನೇ ಗಿರಾಕಿಯ ಕೈಗೆ ಕೊಟ್ಟರು. ಅಟ್ಲಸ್ ಮತ್ತು ಸೆಗಾ ಕಂಪನಿಗಳು 1995ರಲ್ಲಿ ತಂದ ‘ಪ್ರಿಂಟ್ ಕ್ಲಬ್’ ಯಂತ್ರ 300 ಯೆನ್‌ಗೆ ಹದಿನಾರು ಪುಟ್ಟ ಸ್ಟಿಕರುಗಳ ಹಾಳೆ ಕೊಡುತ್ತಿತ್ತು. ಶಾಲೆಯ ಹುಡುಗಿಯರು ಅದನ್ನು ಹಂಚಿಕೊಂಡು ನೋಟ್‌ಬುಕ್ಕುಗಳಿಗೆ ಅಂಟಿಸಿದರು; ಆಟದ ಅಂಗಡಿಗಳು ಯಂತ್ರದ ಪಕ್ಕದಲ್ಲೇ ಮೇಜು ಹಾಕಿ ಕತ್ತರಿ ಇಟ್ಟವು. ಗುಮಾಸ್ತರು ಹೊರಹಾಕಿದ್ದ ಅಲಂಕಾರ ಬಣ್ಣದ ಚೌಕಟ್ಟು, ಹೂವು, ಕೈಬರಹಗಳಾಗಿ ಇಲ್ಲಿ ಮತ್ತೆ ಒಳಗೆ ಬಂತು.

ಬೆಂಗಳೂರಿನ ಮದುವೆ ಆರತಕ್ಷತೆಗಳಲ್ಲಿ ಈಗ ಕಾಣುವ ಫೋಟೊ ಬೂತು ಈ ಎಲ್ಲ ಪೂರ್ವಿಕರ ಮೊಮ್ಮಗು. ಬಟ್ಟೆಯ ಪರದೆ, ರಾಸಾಯನಿಕ, ಸ್ಟೂಲು ಒಂದೂ ಇಲ್ಲ. ಒಂದು ಡಿಜಿಟಲ್ ಕ್ಯಾಮೆರಾ, ಒಂದು ಪರದೆಯ ಕಂಪ್ಯೂಟರು, ಶಾಖದಿಂದ ಬಣ್ಣ ಹತ್ತಿಸುವ ಪ್ರಿಂಟರು. ಹಾಳೆ ಅದೇ ನಾಲ್ಕಕ್ಕೆ ಆರು ಇಂಚು. ಪ್ರಿಂಟರಿನ ಒಳಗಿನ ಅಲಗು ಅದನ್ನು ಎರಡಿಂಚಿನ ಎರಡು ಪಟ್ಟಿ ಮಾಡುತ್ತದೆ. ಒಂದು ಅತಿಥಿಗೆ, ಇನ್ನೊಂದು ಮದುವೆ ಮನೆಯ ಆಲ್ಬಮ್ಮಿಗೆ.

ಜಗಳವೂ ಹಳೆಯದೇ, ಅಂಕಿಗಳು ಹೊಸವು. ಇಂಚಿಗೆ 300 ಚುಕ್ಕಿಯ ಲೆಕ್ಕದಲ್ಲಿ ಒಂದು ಪಟ್ಟಿ 600ಕ್ಕೆ 1800 ಚುಕ್ಕಿ. ಎಡಬಲಕ್ಕೆ ಮೂವತ್ತು ಬಿಟ್ಟರೆ ಚಿತ್ರದ ಅಗಲ 540. ನಾಲ್ಕಕ್ಕೆ ಮೂರರ ಅನುಪಾತದಲ್ಲಿ ಎತ್ತರ 405. ನಾಲ್ಕು ಚಿತ್ರ ಇಟ್ಟರೆ 1620, ಐದು ಸಂದುಗಳಿಗೆ 150, ಉಳಿಯುವುದು ಬರೀ 30 ಚುಕ್ಕಿ. ಅದರಲ್ಲಿ ವಧೂವರರ ಹೆಸರು, ತಾರೀಖು, ಹೂಬಳ್ಳಿ ಹಿಡಿಯುವುದಿಲ್ಲ. ಮೂರಕ್ಕೆ ಇಳಿಸಿದರೆ ಕೆಳಗೆ 465 ಚುಕ್ಕಿ ಬಿಡುವಾಗುತ್ತದೆ. ಮದುವೆಯ ಪಟ್ಟಿಗಳಲ್ಲಿ ನಾಲ್ಕನೆಯ ಚಿತ್ರ ಆಗಾಗ ನಾಪತ್ತೆಯಾಗುವುದು ಹೀಗೆ. ಇನ್ನೊಂದು ಕಡೆ ಕ್ಯಾಮೆರಾ ಕೊಡುವ ಚಿತ್ರ ಮೂರಕ್ಕೆ ಎರಡರದ್ದು. ಅದನ್ನು ನಾಲ್ಕಕ್ಕೆ ಮೂರಕ್ಕೆ ಹೊಂದಿಸಿದರೆ ಅಗಲದಲ್ಲಿ ಒಂಬತ್ತನೇ ಒಂದು ಭಾಗ ಹೋಗುತ್ತದೆ. ಚೌಕಕ್ಕೆ ಹೊಂದಿಸಿದರೆ ಮೂರನೇ ಒಂದು ಭಾಗ. ಜೋಡಿಯೊಂದೇ ನಿಂತಾಗ ಇದು ಯಾರ ಗಮನಕ್ಕೂ ಬಾರದು. ದಾವಣಗೆರೆಯಿಂದ ಬಂದ ಹನ್ನೊಂದು ಜನರ ಕುಟುಂಬ ಸಾಲಾಗಿ ನಿಂತರೆ ಎರಡೂ ತುದಿಯ ಚಿಕ್ಕಪ್ಪಂದಿರು ಔಟ್. ಬುದ್ಧಿವಂತ ಬೂತಿನವರು ಪರದೆಯ ನೇರಪ್ರಸಾರದಲ್ಲೇ ಕತ್ತರಿಸುವ ಭಾಗವನ್ನು ಮಸುಕು ಮಾಡಿ ತೋರಿಸುತ್ತಾರೆ. ಜನ ತಾವಾಗಿಯೇ ಒಳಗೆ ಒತ್ತಿಕೊಳ್ಳುತ್ತಾರೆ. ಮುಖ ಹುಡುಕಿ ಚೌಕಟ್ಟನ್ನೇ ಅದರತ್ತ ಜರುಗಿಸುವ ತಂತ್ರಾಂಶಗಳೂ ಇವೆ. ಆದರೆ ಅಂಥವು ಮೂರು ಚಿತ್ರಗಳಲ್ಲಿ ತಲೆಯನ್ನು ಮೂರು ಅಳತೆಗೆ ಕತ್ತರಿಸಿ, ಪಟ್ಟಿ ಎಂಬ ಪಟ್ಟಿಯ ಲಯವನ್ನೇ ಕೆಡಿಸುವುದೂ ಉಂಟು. ಚೌಕಟ್ಟನ್ನು ಕದಲದಂತೆ ಬಿಟ್ಟು ಜನರನ್ನೇ ಕದಲಿಸುವ ಜೊಸೆಫೊನ ಉಪಾಯವೇ ಈ ಕೆಲಸಕ್ಕೆ ಇನ್ನೂ ಮೇಲು.

ಕೊನೆಯ ಕಾಟ ಅಲಗಿನದು. ಬಿಳಿ ಅಂಚು ಕಾಣದಿರಲೆಂದು ಈ ಪ್ರಿಂಟರುಗಳು ಚಿತ್ರವನ್ನು ಹಾಳೆಗಿಂತ ಚೂರು ದೊಡ್ಡದಾಗಿ ಮುದ್ರಿಸಿ ಹೊರಗಿನದನ್ನು ಕತ್ತರಿಸುತ್ತವೆ. ಪ್ರತಿ ಬದಿಯಲ್ಲೂ ಹೆಚ್ಚುಕಡಿಮೆ ಎರಡು ಮಿಲಿಮೀಟರ್ ಹೋಗುತ್ತದೆ. ಪರದೆಯ ಮೇಲೆ ಎರಡು ಪಟ್ಟಿಗಳ ಅಂಚು ಸಮವಾಗಿ ಕಂಡರೂ ಕಾಗದದಲ್ಲಿ ಹೊರ ಅಂಚು ಸಣಕಲು, ನಡುವಿನ ಅಂಚು ದಪ್ಪ. ಹಾಗಾಗಿ ವಿನ್ಯಾಸದಲ್ಲಿ ಹೊರ ಅಂಚನ್ನು ಮೊದಲೇ ಸುಮಾರು ಇಪ್ಪತ್ತು ಚುಕ್ಕಿ ಹೆಚ್ಚಿಗೆ ಇಡುವುದು ಕಸುಬು ಬಲ್ಲವರ ರೂಢಿ. ಎರಡು ಪ್ರಿಂಟರುಗಳು ಒಂದೇ ಕಂಪನಿಯವಾದರೂ ಅಲಗು ಬೀಳುವ ಜಾಗ ಕೂದಲೆಳೆಯಷ್ಟು ಬೇರೆಯಾಗಬಹುದು. ಆದ್ದರಿಂದ ಹಾಲಿನಲ್ಲಿ ಕುರ್ಚಿ ಜೋಡಿಸುತ್ತಿರುವಾಗಲೇ ಬೂತಿನವರು ಅಳತೆಪಟ್ಟಿಯ ಗೆರೆಗಳಿರುವ ಒಂದು ಹಾಳೆಯನ್ನು ಮುದ್ರಿಸಿ, ಎಡಬಲಗಳಲ್ಲಿ ಎಷ್ಟೆಷ್ಟು ಗೆರೆ ಉಳಿದಿವೆ ಎಂದು ಎಣಿಸಿ, ಆ ವ್ಯತ್ಯಾಸವನ್ನು ವಿನ್ಯಾಸದಲ್ಲಿ ತಿದ್ದಿಕೊಂಡ ಮೇಲೆಯೇ ಮೊದಲ ಅತಿಥಿಯನ್ನು ಕರೆಯುತ್ತಾರೆ.